ಮೆಟ್ಟಿಲ ಕೆಳಗಿನ ಮೇಷ್ಟ್ರು

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಹಪ್ಪಳ ಒಣಹಾಕಿ, ಕಾಗೆ ಕಾಯುವ ಕೆಲಸವನ್ನು ಅತ್ತೆಯವರಿಗೆ ಒಪ್ಪಿಸಿ, ಸ್ವಲ್ಪ ಹೊತ್ತು ಅಡ್ಡಾಗೋಣವೆಂದು ಒಳಗೆ ಬಂದೆ. ಮಗಳು ಟೀವಿಯಲ್ಲಿ ಯಾವುದೋ ಹಳೆಯ ಸಾಕ್ಷ್ಯಚಿತ್ರ ಹಾಕಿಕೊಂಡು ಕೂತಿದ್ದಳು. "ಅಮ್ಮಾ, ಪಿಟೀಲು ಅಂದ್ರೆ ಪ್ರಾಣ ಬಿಡ್ತೀಯಲ್ಲ, ಬಾ ಇಲ್ಲಿ" ಅಂದಳು. ಐಸಾಕ್ ಸ್ಟರ್ನ್ ಎಂಬ ಅಮೆರಿಕದ ದೊಡ್ಡ ಪಿಟೀಲು ವಾದಕರು 1979ರಲ್ಲಿ ಚೀನಾ ದೇಶಕ್ಕೆ ಹೋಗಿಬಂದ ಕಥೆ ಅದು. 'ಫ್ರಂ ಮಾವೋ ಟು ಮೊಜಾರ್ಟ್' ಎಂದು ಹೆಸರು. ಆಸ್ಕರ್ ಪ್ರಶಸ್ತಿಯೂ ಬಂದಿದೆಯಂತೆ.

ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಕ್ಯಾಮೆರಾ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಹೆಸರು ತಾನ್ ಷುಝೆನ್. ಶಾಂಘೈ ಸಂಗೀತ ಮಹಾವಿದ್ಯಾಲಯದ ಉಪನಿರ್ದೇಶಕರು. ಧ್ವನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ತಮ್ಮನ್ನು ಹದಿನಾಲ್ಕು ತಿಂಗಳು ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಕೂಡಿಹಾಕಿದ್ದರು ಎಂದು ಹೇಳಿದರು. ಅಪರಾಧ ಏನೆಂದರೆ, ಮಕ್ಕಳಿಗೆ ಪಾಶ್ಚಾತ್ಯ ಸಂಗೀತ ಹೇಳಿಕೊಟ್ಟದ್ದು.

ನನ್ನ ನಿದ್ದೆ ಹಾರಿಹೋಯಿತು. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೇನೆ. ಚೀನಾದ 'ಸಾಂಸ್ಕೃತಿಕ ಕ್ರಾಂತಿ' ಎಂದರೆ ಎರಡು ಅಂಕದ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಬರೆಸಿ ಮುಂದೆ ಹೋಗಿದ್ದೆ. ಆ ನಾಲ್ಕು ಸಾಲಿನ ಹಿಂದೆ, ನನ್ನ ಹಾಗೇ ಸೀಮೆಸುಣ್ಣದ ಕೈಯವರೊಬ್ಬರು ಮೆಟ್ಟಿಲ ಕೆಳಗೆ ಕೂತಿದ್ದರೆಂದು ನನಗೆ ಹೊಳೆದೇ ಇರಲಿಲ್ಲ.

ಆ ಸಂಗೀತಶಾಲೆ ಶುರುವಾದದ್ದು 1927ರಲ್ಲಿ. ತಾನ್ ಅವರು ಶಾಂಘೈ ನಗರಸಭೆಯ ವಾದ್ಯವೃಂದಕ್ಕೆ ಸೇರಿದ ಮೊದಲ ಚೀನೀಯರಾದದ್ದೂ ಅದೇ ವರ್ಷ. ಅಲ್ಲಿಯವರೆಗೆ ಅದರಲ್ಲಿ ಬರೀ ವಿದೇಶೀಯರೇ. ಪಿಟೀಲು ಪರದೇಶದ ವಾದ್ಯ ನಿಜ. ಆದರೆ ನಮ್ಮಲ್ಲಿಗೆ ಬಂದಾಗಲೂ ಅದು ಪರದೇಶದ್ದೇ ತಾನೆ? ನಾವು ಅದನ್ನು ನೆಲದ ಮೇಲೆ ಕೂರಿಸಿ, ತಲೆಯನ್ನು ಪಾದಕ್ಕೆ ಆನಿಸಿ, ನಮ್ಮದನ್ನಾಗಿ ಮಾಡಿಕೊಂಡೆವು. ಮೈಸೂರು ಚೌಡಯ್ಯನವರು ಏಳು ತಂತಿಯನ್ನೇ ಕಟ್ಟಿಬಿಟ್ಟರು. ಚೀನೀಯರು ಯೂರೋಪಿನವರಂತೆಯೇ ಗದ್ದದ ಕೆಳಗಿಟ್ಟು ನುಡಿಸಲು ಕಲಿತರು, ಅವರ ಸಂಗೀತವನ್ನೂ ಕಲಿತರು. ಅದೇ ಮುಂದೆ ಮುಳುವಾಯಿತು.

1966ರಲ್ಲಿ ಮಾವೋ ಕರೆ ಕೊಟ್ಟರು. ಹಳೆಯದನ್ನೆಲ್ಲ ಕಿತ್ತೊಗೆಯಿರಿ ಎಂಬುದೇ ಅದರ ಸಾರಾಂಶ. ಕೆಂಪು ಪಟ್ಟಿ ಕಟ್ಟಿಕೊಂಡ ವಿದ್ಯಾರ್ಥಿಗಳು ತಮ್ಮ ಗುರುಗಳ ಮೇಲೆಯೇ ತಿರುಗಿಬಿದ್ದರು. ಬೀಥೋವನ್ ನುಡಿಸಿದವರೆಲ್ಲ ದ್ರೋಹಿಗಳಾದರು. ಗು ಷೆಂಗ್‌ಯಿಂಗ್ ಎಂಬ ಪಿಯಾನೋ ವಾದಕಿ, ಇನ್ನೂ ಮೂವತ್ತು ತುಂಬದ ಹೆಣ್ಣುಮಗಳು, 1967ರಲ್ಲಿ ತಾಯಿ ಮತ್ತು ಸೋದರನೊಡನೆ ಪ್ರಾಣ ಕಳೆದುಕೊಂಡರು. ಶಾಲೆಯ ಮುಖ್ಯಸ್ಥ ಹ ಲುಟಿಂಗ್ ಅವರನ್ನು 1968ರಲ್ಲಿ ಟೀವಿಯ ಮುಂದೆಯೇ ವಿಚಾರಣೆಗೆ ನಿಲ್ಲಿಸಿದರು. ಆ ಮುದುಕ ತಲೆ ತಗ್ಗಿಸಲಿಲ್ಲ. ನೀವು ಹೇಳುತ್ತಿರುವುದು ಸುಳ್ಳು ಎಂದು ಮುಖದ ಮೇಲೆ ಹೊಡೆದಂತೆ ಹೇಳಿದರು. ಜೈಲು ಕಂಡರು, ಬದುಕಿ ಹೊರಬಂದರು, 1999ರವರೆಗೂ ಬಾಳಿದರು.

ಇಷ್ಟೆಲ್ಲ ಆಗುತ್ತಿದ್ದರೂ ಪಿಟೀಲು ಮಾತ್ರ ಪೂರ್ತಿ ಬಾಯಿ ಮುಚ್ಚಲಿಲ್ಲ. ಮಾವೋ ಅವರ ಪತ್ನಿ ಜಿಯಾಂಗ್ ಚಿಂಗ್ ಅವರ ಕಣ್ಗಾವಲಿನಲ್ಲಿ 'ಮಾದರಿ ಕೃತಿಗಳು' ಎಂದು ಎಂಟು ನಾಟಕ, ನೃತ್ಯರೂಪಕಗಳು ತಯಾರಾಗಿದ್ದವು, ಊರೂರಲ್ಲೂ ಅವೇ. ಅವುಗಳ ಮೇಳಕ್ಕೆ ಪಿಟೀಲು ಬೇಕಿತ್ತು. ಮಗುವಿಗೆ ಒಂದಿಷ್ಟು ನುಡಿಸಲು ಬಂದರೆ ಯಾವುದಾದರೂ ಮೇಳಕ್ಕೆ ಸೇರಿ, ಹಳ್ಳಿಗಾಡಿಗೆ ಕೂಲಿ ದುಡಿಯಲು ಹೋಗುವುದು ತಪ್ಪೀತೆಂದು ಎಷ್ಟೋ ಅಪ್ಪ ಅಮ್ಮಂದಿರು ಮನೆಯಲ್ಲೇ ಪಾಠ ಹೇಳಿಕೊಟ್ಟರು. ವಿದ್ಯೆ ಸೆರಗಿನ ಮರೆಯ ದೀಪವಾಗಿ ಉಳಿಯಿತು.

ಶಾಂಘೈನ ಲೀ ಕುಟುಂಬದ್ದು ಆ ಕಾಲವೇ. ತಂದೆ ತಾಯಿ ಇಬ್ಬರೂ ಸಂಗೀತಗಾರರು. ವೈಗಾಂಗ್ ಐದನೆಯ ವಯಸ್ಸಿಗೆ, ಹಾಂಗ್‌ಗಾಂಗ್ ಏಳನೆಯ ವಯಸ್ಸಿಗೆ ಅವರ ಕೈಯಲ್ಲೇ ಪಿಟೀಲು ಹಿಡಿದರು. 1976ರಲ್ಲಿ ಮಾವೋ ತೀರಿಕೊಂಡರು. 1977ರ ಮಾರ್ಚಿಯಲ್ಲಿ ಬೀಜಿಂಗಿನಲ್ಲಿ ಬೀಥೋವನ್ನನ ಐದನೆಯ ಸಿಂಫನಿ ಮತ್ತೆ ಕೇಳಿಸಿತು. ಅದೇ ವರ್ಷ ಸಂಗೀತಶಾಲೆಗಳಿಗೆ ಪ್ರವೇಶ ಪರೀಕ್ಷೆ ಶುರುವಾಯಿತು. ಹಾಂಗ್‌ಗಾಂಗ್ ಐನೂರಕ್ಕೂ ಹೆಚ್ಚು ಅಭ್ಯರ್ಥಿಗಳ ನಡುವೆ ಬೀಜಿಂಗಿನ ಶಾಲೆಗೆ ಆಯ್ಕೆಯಾದರು; ಆಮೇಲೆ ಶಾಂಘೈಗೆ ಬಂದರು. ವೈಗಾಂಗ್ ಹದಿನಾಲ್ಕಕ್ಕೇ ಶಾಂಘೈ ಶಾಲೆ ಸೇರಿದರು. ನಾನು ನೋಡಿದ ಚಿತ್ರದಲ್ಲಿ ಆ ಹುಡುಗನೂ ಇದ್ದಾನೆ.

ಚಿತ್ರದ ಒಂದು ಪ್ರಸಂಗ ಹೇಳಲೇಬೇಕು. ಎಂಟು-ಹತ್ತು ವರ್ಷದ ಮಕ್ಕಳು ನುಡಿಸುವುದನ್ನು ಕೇಳಿ ಸ್ಟರ್ನ್ ಬೆರಗಾಗುತ್ತಾರೆ. ಆದರೆ ಹದಿನೇಳು ದಾಟಿದವರಲ್ಲಿ ಆ ಕಳೆ ಇಲ್ಲ. ಯಾಕೆ ಹೀಗೆ ಎಂಬ ಪ್ರಶ್ನೆ ಬರುತ್ತದೆ. ಆ ದೊಡ್ಡ ಮಕ್ಕಳು ಕಲಿಯಬೇಕಾದ ವಯಸ್ಸಿನಲ್ಲಿ ಕಲಿಸುವವರು ಗೂಡಿನಲ್ಲಿದ್ದರು, ಅಷ್ಟೇ. ಮೇಷ್ಟ್ರುಗಳನ್ನು ಕೂಡಿಹಾಕಿದರೆ ಏನು ನಷ್ಟ ಎಂದು ಕೇಳುವವರಿಗೆ ಇದಕ್ಕಿಂತ ಸರಳ ಲೆಕ್ಕ ಬೇಕೆ?

ಲೀ ಸೋದರರು ಅದೇ ಶಾಲೆಯ ಇನ್ನಿಬ್ಬರೊಡನೆ ಸೇರಿ 1983ರಲ್ಲಿ 'ಶಾಂಘೈ ಕ್ವಾರ್ಟೆಟ್' ಕಟ್ಟಿದರು. ಕ್ವಾರ್ಟೆಟ್ ಎಂದರೆ ನಾಲ್ವರ ಮೇಳ: ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ, ಸ್ವರ ಇಳಿದ ವಯೋಲಾ, ಮೊಣಕಾಲ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೋ. ಕೋಲು ಬೀಸಿ ನಡೆಸುವ ನಿರ್ದೇಶಕ ಇಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಸಂಗೀತ ಅಲ್ಲಿಗೇ ಮುಗಿಯಿತು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸಬೇಕು. ಶಾಂಘೈ ಸೀಮೆಗೆ ಇಂಥ ಕೂಟ ಹೊಸದೇನಲ್ಲ. ಅಲ್ಲಿನ ಚಹಾದಂಗಡಿಗಳಲ್ಲಿ 'ರೇಷ್ಮೆ-ಬಿದಿರು' ಎಂಬ ಮೇಳ ತಲೆಮಾರುಗಳಿಂದ ನಡೆದುಬಂದಿದೆ. ರೇಷ್ಮೆ ಎಂದರೆ ತಂತಿವಾದ್ಯ, ಬಿದಿರು ಎಂದರೆ ಕೊಳಲು. ಅಲ್ಲಿ ಎಲ್ಲರೂ ಒಂದೇ ಧಾಟಿಯನ್ನು ತಮ್ಮ ತಮ್ಮ ಕೈಚಳಕದಲ್ಲಿ ನುಡಿಸುತ್ತಾರೆ. ಕ್ವಾರ್ಟೆಟ್ಟಿನಲ್ಲಿ ಹಾಗಲ್ಲ, ನಾಲ್ವರದೂ ಬೇರೆ ಬೇರೆ ಮಾತು, ಆದರೆ ಒಂದೇ ಸಂಭಾಷಣೆ.

1985ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಸ್ಪರ್ಧೆಯಲ್ಲಿ ಇವರಿಗೆ ಎರಡನೆಯ ಬಹುಮಾನ ಬಂತು. ಆ ಸ್ಪರ್ಧೆಗೆ ಹಿರಿಯರಾಗಿ ಇದ್ದವರು ಯೆಹೂದಿ ಮೆನುಹಿನ್. ಹೌದು, ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ 1952ರಲ್ಲಿ ಯೋಗ ಕಲಿತ ಅದೇ ಮೆನುಹಿನ್! ಜಗತ್ತು ಎಷ್ಟು ಚಿಕ್ಕದು ನೋಡಿ. ಬಹುಮಾನದ ಬೆನ್ನಿಗೇ ಅಮೆರಿಕ, ಅಲ್ಲಿ ಮತ್ತೆ ವಿದ್ಯಾರ್ಥಿಗಳಾಗಿ ಕಲಿಕೆ, ವಿಶ್ವವಿದ್ಯಾಲಯಗಳಲ್ಲಿ ಕೆಲಸ. ಆ ಪಟ್ಟಿ ದೊಡ್ಡದಿದೆ, ಬಿಡಿ.

ನನಗೆ ಮುಖ್ಯವಾಗಿ ಕಂಡದ್ದು 1994ರ ಸಂಗತಿ. ಮೇಳದ ವಯೋಲಾದವರು ಬಿಟ್ಟರು. ಬೀಜಿಂಗಿನ ಜಿಯಾಂಗ್ ಯೀವೆನ್ ಬಂದು ಸೇರಿದರು, ಆದರೆ ಅವರು ಪಿಟೀಲಿನವರು. ಆಗ ಹಾಂಗ್‌ಗಾಂಗ್ ತಮ್ಮ ಪಿಟೀಲು ಪಕ್ಕಕ್ಕಿಟ್ಟು ವಯೋಲಾ ಕೈಗೆತ್ತಿಕೊಂಡರು. ಏಳು ವರ್ಷದ ಮಗುವಿದ್ದಾಗಿನಿಂದ ಹಿಡಿದ ವಾದ್ಯವದು. ವಯೋಲಾ ಮನೆಯ ಹಿರಿಸೊಸೆ ಇದ್ದ ಹಾಗೆ. ಮೇಲಿನ ಧಾಟಿ ಪಿಟೀಲಿನದು, ತಳದ ಗಾಂಭೀರ್ಯ ಚೆಲ್ಲೋದು, ನಡುವೆ ಎಲ್ಲವನ್ನೂ ಹಿಡಿದಿಟ್ಟವಳನ್ನು ಕೇಳುಗರು ಗಮನಿಸುವುದೇ ಇಲ್ಲ. ಇಲ್ಲದಿದ್ದರೆ ಮಾತ್ರ ಊಟ ಸಪ್ಪೆ. ಸಾರಿಗೆ ಉಪ್ಪು ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸದಾಗಿ ಬಂದ ಯೀವೆನ್ ಚೀನಾದ ಜನಪದ ಧಾಟಿಗಳನ್ನು ಈ ನಾಲ್ಕು ವಾದ್ಯಕ್ಕೆ ಹೊಂದಿಸಿದರು. 'ಚೈನಾಸಾಂಗ್' ಎಂಬ ಧ್ವನಿಮುದ್ರಿಕೆಯಲ್ಲಿ ಅವನ್ನು ಕೇಳಬಹುದು.

2000ದಲ್ಲಿ ಚೆಲ್ಲೋಗೆ ಬಂದವರು ನಿಕೋಲಸ್ ತ್ಸಾವರಾಸ್, ಅಮೆರಿಕದ ಹುಡುಗ. ಇವರ ಕಥೆಗಿಂತ ಇವರ ತಾಯಿಯ ಕಥೆ ದೊಡ್ಡದು. ರಾಬರ್ಟಾ ಗ್ವಾಸ್ಪಾರಿ ನೌಕಾಪಡೆಯವರೊಬ್ಬರ ಹೆಂಡತಿ. ಗ್ರೀಸ್ ದೇಶದಲ್ಲಿದ್ದಾಗ ಮಕ್ಕಳಿಗೆ ಕಲಿಸಬೇಕೆಂದು ಐವತ್ತು ಪಿಟೀಲು ಕೊಂಡಿದ್ದರು. ಗಂಡ ಬಿಟ್ಟುಹೋದ. ಎರಡು ಗಂಡುಮಕ್ಕಳು, ಐವತ್ತು ಪಿಟೀಲು, ಇಷ್ಟೇ ಆಸ್ತಿ. 1980ರ ಸುಮಾರಿಗೆ ನ್ಯೂಯಾರ್ಕಿನ ಈಸ್ಟ್ ಹಾರ್ಲೆಂ ಎಂಬ ಬಡವರ ಬಡಾವಣೆಯ ಶಾಲೆಯಲ್ಲಿ ಪಾಠ ಶುರುಮಾಡಿದರು. ಕಲಿಯುವವರ ನೂಕುನುಗ್ಗಲು ಎಷ್ಟಾಯಿತೆಂದರೆ ಚೀಟಿ ಎತ್ತಿ ಮಕ್ಕಳನ್ನು ಆರಿಸಬೇಕಾಯಿತು. 1991ರಲ್ಲಿ ಹಣವಿಲ್ಲವೆಂದು ಆ ತರಗತಿಯನ್ನೇ ನಿಲ್ಲಿಸಿದರು. ಆಕೆ ಅತ್ತು ಸುಮ್ಮನಾಗಲಿಲ್ಲ. 1993ರಲ್ಲಿ ಕಾರ್ನೆಗಿ ಸಭಾಂಗಣದಲ್ಲಿ ಸಹಾಯಾರ್ಥ ಕಛೇರಿ ಏರ್ಪಟ್ಟು, ಜಗತ್ತಿನ ಹೆಸರಾಂತ ವಾದಕರು ಆ ಬಡ ಮಕ್ಕಳ ಪಕ್ಕದಲ್ಲಿ ನಿಂತು ನುಡಿಸಿದರು. ಅವರಲ್ಲಿ ಒಬ್ಬರು ಯಾರು ಗೊತ್ತೆ? ಅದೇ ಐಸಾಕ್ ಸ್ಟರ್ನ್. 1979ರಲ್ಲಿ ಶಾಂಘೈಗೆ ಹೋದ ಮನುಷ್ಯ 1993ರಲ್ಲಿ ಹಾರ್ಲೆಂನ ಮಕ್ಕಳ ಜೊತೆಗೂ ನಿಂತಿದ್ದಾರೆ; ಆ ಚಿತ್ರದ ಹುಡುಗನೂ ಈ ತಾಯಿಯ ಮಗನೂ ಕೊನೆಗೆ ಒಂದೇ ಮೇಳದಲ್ಲಿ ಕೂತಿದ್ದಾರೆ. ಕಾದಂಬರಿಯಲ್ಲಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಆಕೆಯ ಮೇಲೆ 1999ರಲ್ಲಿ 'ಮ್ಯೂಸಿಕ್ ಆಫ್ ದ ಹಾರ್ಟ್' ಎಂಬ ಸಿನಿಮಾ ಬಂತು. ಮೆರಿಲ್ ಸ್ಟ್ರೀಪ್ ಆ ಪಾತ್ರಕ್ಕೆಂದೇ ಪಿಟೀಲು ಕಲಿತರು.

ನಾನೂ ಒಂದು ಕಾಲಕ್ಕೆ ಕಲಿತವಳೇ. ವರ್ಣದವರೆಗೆ ಬಂದಿದ್ದೆ. ಬಿ.ಎಡ್., ಮದುವೆ, ಕೆಲಸ, ಒಂದಾದ ಮೇಲೊಂದು. ಯಾರೂ ನನ್ನನ್ನು ಕೂಡಿಹಾಕಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಪಿಟೀಲು ತಾನಾಗಿಯೇ ಅಟ್ಟ ಸೇರಿತು. ತಾನ್ ಅವರ ಮುಖ ನೋಡಿದಾಗ ನನಗೆ ನಾಚಿಕೆಯಾದದ್ದು ಅದಕ್ಕೇ.

2020ರಲ್ಲಿ ಲೀ ಸೋದರರೂ ನಿಕೋಲಸ್ ಅವರೂ ಚೀನಾದ ತಿಯಾಂಜಿನ್ ನಗರದಲ್ಲಿ ಹೊಸದಾಗಿ ಶುರುವಾದ ಜೂಲಿಯಾರ್ಡ್ ಸಂಗೀತಶಾಲೆಗೆ ಅಧ್ಯಾಪಕರಾಗಿ ಸೇರಿದರು. ದೇಶ ಬಿಟ್ಟು ಮೂವತ್ತೈದು ವರ್ಷವಾದ ಮೇಲೆ ಪಾಠ ಹೇಳಲು ತಿರುಗಿ ಬಂದಂತಾಯಿತು.

ರಜೆ ಮುಗಿದು ಶಾಲೆ ಶುರುವಾದಾಗ ಈ ವಿಷಯವನ್ನು ಹುಡುಗಿಯರಿಗೆ ಹೇಳಿದೆ. ಸಿಲಬಸ್ಸಿನಲ್ಲಿ ಇಲ್ಲದ್ದು, ಅದಕ್ಕೇ ಇರಬೇಕು, ಕಿವಿಗೊಟ್ಟು ಕೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಎಂದೂ ಬಾಯಿ ತೆರೆಯದವಳು, ಎದ್ದು ನಿಂತಳು.

"ಮಿಸ್, ಆ ಮೇಷ್ಟ್ರು ಹೊರಗೆ ಬಂದ್ಮೇಲೂ ಪಾಠ ಮಾಡಿದ್ರಾ?"

"ಮಾಡಿದರಮ್ಮ. ಅದೇ ಶಾಲೆಯಲ್ಲಿ. 2002ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ದಾಟಿತ್ತು."

ಅವಳು ಕೂತಳು. ಗಂಟೆ ಹೊಡೆಯಿತು. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಸುಮ್ಮನೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.