ಇನ್‌ಸ್ಟಂಟ್ ಕಾಫಿ ಉತ್ಪನ್ನಗಳ ಆಮದು ಮತ್ತು ಮಾರಾಟ: ಅರ್ಜಿದಾರರಿಗೆ ಮಾಹಿತಿ

ವಿದೇಶದಿಂದ ಇನ್‌ಸ್ಟಂಟ್ ಕಾಫಿಯನ್ನು ತರಿಸಿ ಭಾರತದಲ್ಲಿ ಮಾರಾಟ ಮಾಡಲು ಇಚ್ಛಿಸುವವರು ಪಡೆಯಬೇಕಾದ ಪರವಾನಗಿಗಳು, ಪಾಲಿಸಬೇಕಾದ ಗುಣಮಟ್ಟ ಹಾಗೂ ಪೊಟ್ಟಣದ ಮೇಲೆ ನಮೂದಿಸಬೇಕಾದ ವಿವರಗಳನ್ನು ಇಲ್ಲಿ ನೀಡಲಾಗಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 25ನೇ ಪ್ರಕರಣವು ಅಸುರಕ್ಷಿತ, ಕಳಪೆ ದರ್ಜೆಯ ಹಾಗೂ ತಪ್ಪು ಲೇಬಲ್ ಹೊಂದಿದ ಆಹಾರದ ಆಮದನ್ನು ನಿಷೇಧಿಸಿದೆ. ಸರಕು ಬಂದರಿಗೆ ತಲುಪಿದ ನಂತರ ಸರಿಪಡಿಸಲು ಅವಕಾಶವಿರುವ ಲೋಪಗಳು ಕೆಲವು ಮಾತ್ರ. ಆದುದರಿಂದ ಸರಕನ್ನು ಹಡಗಿಗೆ ಏರಿಸುವ ಮೊದಲೇ, ಸಾಧ್ಯವಾದಲ್ಲಿ ಮುಂಗಡ ಪಾವತಿಸುವ ಮೊದಲೇ, ಲೇಬಲ್ಲಿನ ಮಾದರಿಯನ್ನು ತರಿಸಿಕೊಂಡು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಅವಶ್ಯಕ.

1. ಉತ್ಪನ್ನದ ವರ್ಗ

ಮಾರುಕಟ್ಟೆಯಲ್ಲಿ ಒಂದೇ ಹೆಸರಿನಿಂದ ಕರೆಯಲ್ಪಡುವ ಉತ್ಪನ್ನಗಳು ಕಾನೂನಿನಲ್ಲಿ ಬೇರೆ ಬೇರೆ ವರ್ಗಗಳಿಗೆ ಸೇರುತ್ತವೆ.

(ಅ) ಇನ್‌ಸ್ಟಂಟ್ ಕಾಫಿ: ಹುರಿದು ಪುಡಿ ಮಾಡಿದ ಶುದ್ಧ ಕಾಫಿ ಬೀಜದಿಂದ ತಯಾರಿಸಿದ್ದು. ಇದರಲ್ಲಿ ಚಿಕೋರಿ ಅಥವಾ ಇತರ ಯಾವುದೇ ಪದಾರ್ಥ ಸೇರಿರಬಾರದು. ಕೆಫೀನ್ ಅಂಶವು ಶೇ. 2.8ಕ್ಕಿಂತ ಕಡಿಮೆ ಇರಬಾರದು. ಪುಡಿಯು ಕುದಿಯುವ ನೀರಿನಲ್ಲಿ 30 ಸೆಕೆಂಡುಗಳಲ್ಲಿಯೂ ತಣ್ಣೀರಿನಲ್ಲಿ 3 ನಿಮಿಷಗಳಲ್ಲಿಯೂ ಕರಗಬೇಕು.

(ಆ) ಇನ್‌ಸ್ಟಂಟ್ ಕಾಫಿ-ಚಿಕೋರಿ ಮಿಶ್ರಣ: ತಯಾರಿಕೆಯಲ್ಲಿ ಬಳಸಿದ ಕಾಫಿಯ ಪ್ರಮಾಣವು ತೂಕದಲ್ಲಿ ಶೇ. 51ಕ್ಕಿಂತ ಕಡಿಮೆ ಇರಬಾರದು. ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ಘೋಷಿಸತಕ್ಕದ್ದು. ಮಿಶ್ರಣವನ್ನು ಕೇವಲ ಕಾಫಿ ಎಂಬ ಹೆಸರಿನಲ್ಲಿ ಮಾರುವಂತಿಲ್ಲ.

(ಇ) ಸಕ್ಕರೆ, ಹಾಲಿನ ಪುಡಿ ಮುಂತಾದವು ಸೇರಿದ ಸಿದ್ಧ ಮಿಶ್ರಣ: ಎಲ್ಲ ಪದಾರ್ಥಗಳ ಪಟ್ಟಿ ನೀಡಬೇಕು. ಹಾಲಿನ ಅಂಶವಿದ್ದಲ್ಲಿ ಅದನ್ನು ಅಲರ್ಜಿಕಾರಕ ಎಂದು ತಿಳಿಸಬೇಕು. ಭಾರತದಲ್ಲಿ ಅನುಮತಿಸಿದ ಸಂಯೋಜಕಗಳನ್ನು ಮಾತ್ರ ಬಳಸಿರಬೇಕು.

2. ಮುಂಚಿತವಾಗಿ ಪಡೆಯಬೇಕಾದ ಪರವಾನಗಿ ಮತ್ತು ನೋಂದಣಿ

(ಅ) ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಆಮದು-ರಫ್ತು ಸಂಕೇತ ಸಂಖ್ಯೆ. ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಇದನ್ನು ಆನ್‌ಲೈನ್ ಮೂಲಕ ದೃಢೀಕರಿಸಬೇಕು. ತಪ್ಪಿದಲ್ಲಿ ಸಂಖ್ಯೆ ನಿಷ್ಕ್ರಿಯಗೊಳ್ಳುತ್ತದೆ.

(ಆ) ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಕೇಂದ್ರ ಪರವಾನಗಿ. ವಹಿವಾಟು ಎಷ್ಟೇ ಚಿಕ್ಕದಿದ್ದರೂ ಆಮದುದಾರರಿಗೆ ಇದು ಕಡ್ಡಾಯ. ಅರ್ಜಿಯನ್ನು ಫಾಸ್ಕಾಸ್ ಜಾಲತಾಣದಲ್ಲಿ ಸಲ್ಲಿಸಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಛೇರಿ ಹೊಂದಿರುವ ಕಾಫಿ ಮಂಡಳಿಯು ಈ ಪರವಾನಗಿಯನ್ನು ನೀಡುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸುವುದು.

(ಇ) ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು, 2011ರ 27ನೇ ನಿಯಮದಡಿ ಆಮದುದಾರರಾಗಿ ನೋಂದಣಿ.

(ಈ) ಸರಕು ಮತ್ತು ಸೇವಾ ತೆರಿಗೆ ನೋಂದಣಿ.

3. ಲೇಬಲ್‌ನಲ್ಲಿ ಇರಬೇಕಾದ ವಿವರಗಳು

ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಇದರ ಜೊತೆಗೆ ಕನ್ನಡದಲ್ಲಿಯೂ ಮುದ್ರಿಸಬಹುದು. ಉತ್ಪನ್ನದ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಂಡದ ಸಂಖ್ಯೆ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಮೂಲ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರು ದೂರು ನೀಡಬಹುದಾದ ವಿಳಾಸ ಇರತಕ್ಕದ್ದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಆಮದು) ವಿನಿಯಮಗಳು, 2017ರ ಪ್ರಕಾರ, ಆಮದುದಾರರ ಹೆಸರು ಮತ್ತು ವಿಳಾಸ, ಪ್ರಾಧಿಕಾರದ ಲಾಂಛನ ಮತ್ತು ಪರವಾನಗಿ ಸಂಖ್ಯೆ, ಸಸ್ಯಾಹಾರ ಅಥವಾ ಮಾಂಸಾಹಾರ ಚಿಹ್ನೆ ಇವು ಬಿಟ್ಟುಹೋಗಿದ್ದಲ್ಲಿ, ಕಸ್ಟಮ್ಸ್ ಉಗ್ರಾಣದಲ್ಲಿಯೇ ಕಿತ್ತುಬಾರದ ಒಂದು ಚೀಟಿಯನ್ನು ಅಂಟಿಸಿ ಸರಿಪಡಿಸಲು ಅವಕಾಶವಿದೆ. ಚಿಕೋರಿಯ ಪ್ರಮಾಣ, ತಯಾರಿಕೆಯ ದಿನಾಂಕ ಹಾಗೂ ತಂಡದ ಸಂಖ್ಯೆ ಈ ಪಟ್ಟಿಯಲ್ಲಿ ಸೇರಿಲ್ಲ. ಇವು ತಯಾರಕರ ಮೂಲ ಲೇಬಲ್ಲಿನಲ್ಲಿಯೇ ಇರಬೇಕು.

4. ಬಂದರಿನಲ್ಲಿ ತಪಾಸಣೆ

ಸೀಮಾಸುಂಕ ಅಧಿನಿಯಮ, 1962ರ 46ನೇ ಪ್ರಕರಣದಂತೆ ಬಿಲ್ ಆಫ್ ಎಂಟ್ರಿಯನ್ನು ಐಸ್‌ಗೇಟ್ ಮೂಲಕ ಸಲ್ಲಿಸಬೇಕು. ಆಹಾರ ಪ್ರಾಧಿಕಾರಕ್ಕೆ ಬೇಕಾದ ವಿವರಗಳು ಏಕಗವಾಕ್ಷಿ ವ್ಯವಸ್ಥೆಯಲ್ಲಿ ಅಲ್ಲಿಂದಲೇ ರವಾನೆಯಾಗುತ್ತವೆ. ಆಹಾರ ಪದಾರ್ಥಗಳಿಗಾಗಿ ಅಧಿಸೂಚಿಸಿದ ಪ್ರವೇಶ ಸ್ಥಳಗಳ ಮೂಲಕ ಮಾತ್ರ ಸರಕನ್ನು ತರಬೇಕು.

ಅಧಿಕೃತ ಅಧಿಕಾರಿಯು ದಾಖಲೆ ಮತ್ತು ಲೇಬಲ್ ಪರಿಶೀಲಿಸಿ, ಅವಶ್ಯವಿದ್ದಲ್ಲಿ ಮಾದರಿಯನ್ನು ಎರಡು ಭಾಗಗಳಾಗಿ ಸಂಗ್ರಹಿಸುತ್ತಾರೆ. ಮೊದಲ ಭಾಗದ ವರದಿಯು ಪ್ರತಿಕೂಲವಾದಲ್ಲಿ ಆಮದುದಾರರು ಮೇಲ್ಮನವಿ ಸಲ್ಲಿಸಿ, ಎರಡನೇ ಭಾಗವನ್ನು ನಿರ್ದೇಶಿತ ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೋರಬಹುದು. ತಪಾಸಣೆಯ ಸಮಯದಲ್ಲಿ ಉತ್ಪನ್ನಕ್ಕೆ ಒಟ್ಟು ಬಳಕೆ ಅವಧಿಯ ಶೇ. 60 ಅಥವಾ 3 ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಅವಧಿ ಉಳಿದಿರಬೇಕು. ಕಡಿಮೆ ಬೆಲೆಗೆ ದೊರೆಯುವ ಹಳೆಯ ದಾಸ್ತಾನನ್ನು ಖರೀದಿಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

5. ಸುಂಕ ಮತ್ತು ತೆರಿಗೆ

ಸುಗಂಧ ಸೇರಿಸಿದ ಇನ್‌ಸ್ಟಂಟ್ ಕಾಫಿ 2101 11 10, ಸುಗಂಧ ಸೇರಿಸದ್ದು 2101 11 20 ಶೀರ್ಷಿಕೆಯಡಿ ಬರುತ್ತದೆ. ಸೀಮಾಸುಂಕದ ಜೊತೆಗೆ ಸಮಗ್ರ ಸರಕು ಮತ್ತು ಸೇವಾ ತೆರಿಗೆಯನ್ನು ಪಾವತಿಸಬೇಕು. ಈ ತೆರಿಗೆಯ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ವ್ಯಾಪಾರ ಒಪ್ಪಂದದ ಅನ್ವಯ ಸುಂಕ ರಿಯಾಯಿತಿ ಕೋರುವವರು ಮೂಲ ದೇಶದ ಪ್ರಮಾಣಪತ್ರವನ್ನು ಹಾಜರುಪಡಿಸುವುದಲ್ಲದೆ, ಸಂಬಂಧಿಸಿದ ಮಾಹಿತಿಯನ್ನು 5 ವರ್ಷ ಕಾಪಾಡಬೇಕು.

6. ಮಾರಾಟ ಹಂತದ ಹೊಣೆ

ಸಗಟು ಹಾಗೂ ಚಿಲ್ಲರೆ ಮಾರಾಟಗಾರರು ತಮ್ಮ ವಹಿವಾಟಿಗೆ ಅನುಗುಣವಾಗಿ ಆಹಾರ ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು. ಅಧಿನಿಯಮದ 26ನೇ ಪ್ರಕರಣದಂತೆ ಆಮದುದಾರರು ಅಂಗಡಿಗೆ ಸರಕು ನೀಡುವಾಗ ಲಿಖಿತ ಖಾತರಿ ನೀಡತಕ್ಕದ್ದು. ಬಿಲ್ಲನ್ನೇ ಖಾತರಿ ಎಂದು ಪರಿಗಣಿಸಲಾಗುವುದು. ಮುಂದೆ ದೋಷ ಕಂಡುಬಂದಲ್ಲಿ ಸರಕಿನ ಮೂಲವನ್ನು ತೋರಿಸಲು ಆಧಾರವಾಗುವುದರಿಂದ ಅಂಗಡಿಯವರು ಬಿಲ್ಲು ಇಲ್ಲದ ಸರಕನ್ನು ಕೊಳ್ಳಬಾರದು.

ತಪ್ಪು ಲೇಬಲ್ ಹೊಂದಿದ ಆಹಾರಕ್ಕೆ 3 ಲಕ್ಷ ರೂಪಾಯಿಗಳವರೆಗೆ, ಕಳಪೆ ದರ್ಜೆಯ ಆಹಾರಕ್ಕೆ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸರಕನ್ನು ತಯಾರಿಸಿದವರು ವಿದೇಶದಲ್ಲಿದ್ದಾರೆ ಎಂಬ ಕಾರಣದಿಂದ ಆಮದುದಾರರು ಹೊಣೆಯಿಂದ ಮುಕ್ತರಾಗುವುದಿಲ್ಲ.

ಮಾರಾಟ ಹಂತದ ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗಳನ್ನು, ತೂಕ ಮತ್ತು ಬೆಲೆಯ ವಿಷಯಗಳಿಗಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.