ದೂರದ ಊರ ಉಸಾಬರಿ

ವಿದ್ಯಾರ್ಥಿ ಚಳವಳಿ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಒಡೆದ ಕಿಟಕಿಯ ಗಾಜು, ಬೀಗ ಬಿದ್ದ ತರಗತಿ, ಮುಂದಕ್ಕೆ ಹೋದ ಪರೀಕ್ಷೆ. ಶುಲ್ಕ ಏರಿತೆಂದೋ ಹಾಸ್ಟೆಲಿನ ಸಾರು ನೀರಾಯಿತೆಂದೋ ಹುಡುಗರು ಬೀದಿಗಿಳಿದರೆ ಅದಕ್ಕೊಂದು ಕಾರಣವಾದರೂ ಉಂಟು ಎನ್ನುತ್ತೇವೆ. ಆದರೆ ಸುಮಾರು ಎಂಟು ಸಾವಿರ ಮೈಲಿ ದೂರದ, ತಾವು ಕಂಡರಿಯದ ಜನರಿಗಾಗಿ ಹುಡುಗರು ಕಾಲೇಜಿನ ಮೆಟ್ಟಿಲ ಮೇಲೆ ಮೂರು ವಾರ ಕುಳಿತರೆಂದರೆ, 'ಊರ ಉಸಾಬರಿ ಇವರಿಗೇಕೆ?' ಎಂದು ಕೇಳದಿರುವವರು ವಿರಳ. ಆ ಪ್ರಶ್ನೆಗೆ ಚರಿತ್ರೆ ಕೊಟ್ಟಿರುವ ಒಂದು ಉತ್ತರವನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ಹಾಗೆ ಕುಳಿತವರು ನ್ಯೂಯಾರ್ಕ್ ನಗರದ ಕೊಲಂಬಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅವರು ಕುಳಿತದ್ದು ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ. ದಿನ 1985ರ ಏಪ್ರಿಲ್ 4. ಹದಿನೇಳು ವರ್ಷಗಳ ಹಿಂದೆ ಮಾರ್ಟಿನ್ ಲೂಥರ್ ಕಿಂಗರು ಗುಂಡಿಗೆ ಬಲಿಯಾದ ದಿನ. ಕೆಲವರು ಅದಕ್ಕೆ ಮೊದಲೇ ಉಪವಾಸ ಹಿಡಿದಿದ್ದರು. ಅಂದು ಸಭೆ ಸೇರಿದವರು ಹ್ಯಾಮಿಲ್ಟನ್ ಹಾಲ್ ಎಂಬ ಕಟ್ಟಡದ ಮುಂಬಾಗಿಲಿಗೆ ಸರಪಳಿ ಸುತ್ತಿ, ಬೀಗ ಹಾಕಿ, ಮೆಟ್ಟಿಲುಗಳ ಮೇಲೆ ಧರಣಿ ಕುಳಿತರು. ಸೆರೆಯಲ್ಲಿದ್ದ ನೆಲ್ಸನ್ ಮಂಡೇಲರ ಹೆಸರನ್ನೇ ಆ ಕಟ್ಟಡಕ್ಕಿಟ್ಟು ಕರೆದರು. ಆಡಳಿತದವರು ನ್ಯಾಯಾಲಯಕ್ಕೆ ಹೋದರು, ಶಿಸ್ತುಕ್ರಮದ ಬೆದರಿಕೆ ಹಾಕಿದರು. ಹುಡುಗರು ಏಳಲಿಲ್ಲ. ಏಪ್ರಿಲ್ 25ರಂದು ತಾವಾಗಿಯೇ ಎದ್ದು, ಮೆರವಣಿಗೆಯಲ್ಲಿ ಪಕ್ಕದ ಹಾರ್ಲೆಮಿಗೆ ನಡೆದು ಧರಣಿ ಮುಗಿಸಿದರು.

ಅವರು ಕೇಳಿದ್ದೇನು? ಇಲ್ಲಿಯೇ ಈ ಕಥೆಯ ಸ್ವಾರಸ್ಯವಿದೆ. ದಕ್ಷಿಣ ಆಫ್ರಿಕದ ಸರ್ಕಾರ ಉರುಳಲಿ ಎಂದು ಘೋಷಣೆ ಕೂಗಿ ಮನೆಗೆ ಹೋಗುವುದು ಸುಲಭ. ಇವರು ಹಾಗೆ ಮಾಡಲಿಲ್ಲ. ತಮ್ಮ ವಿದ್ಯಾಸಂಸ್ಥೆಯ ಲೆಕ್ಕದ ಪುಸ್ತಕ ತೋರಿಸಿ ಎಂದರು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ದಾನಿಗಳು ಬಿಟ್ಟುಹೋದ ದತ್ತಿಯ ಹಣವನ್ನು ಕಂಪೆನಿಗಳ ಷೇರುಗಳಲ್ಲಿ ತೊಡಗಿಸಿ, ಬರುವ ವರಮಾನದಲ್ಲಿ ಪಾಠಶಾಲೆ, ಗ್ರಂಥಾಲಯ, ವಿದ್ಯಾರ್ಥಿವೇತನಗಳನ್ನು ನಡೆಸುತ್ತವೆ. ಆ ಕಂಪೆನಿಗಳಲ್ಲಿ ಹಲವು ದಕ್ಷಿಣ ಆಫ್ರಿಕದಲ್ಲಿ ವ್ಯಾಪಾರ ಮಾಡುತ್ತಿದ್ದವು, ಅಲ್ಲಿನ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಿದ್ದವು. ಎಂದಮೇಲೆ ಅಲ್ಲಿಯ ಅನ್ಯಾಯದ ಒಂದು ಕಾಸು ತಮ್ಮ ಗ್ರಂಥಾಲಯದ ದೀಪಕ್ಕೂ ಎಣ್ಣೆಯಾಗಿದೆ ಎಂದು ಹುಡುಗರು ಲೆಕ್ಕ ಹಾಕಿದರು. ಆ ಷೇರುಗಳನ್ನು ಮಾರಿಬಿಡಿ, ಇದಿಷ್ಟೇ ಅವರ ಬೇಡಿಕೆ.

ಆ ಅನ್ಯಾಯದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಮನುಷ್ಯನನ್ನು ಹುಟ್ಟಿನಿಂದಲೇ ಬಣ್ಣದ ಮೇಲೆ ವಿಂಗಡಿಸಿ ದಾಖಲೆ ಮಾಡುವ ಕಾನೂನು ಅಲ್ಲಿ 1950ರಲ್ಲಿ ಬಂತು. ಯಾವ ಬಣ್ಣದವನು ಯಾವ ಬಡಾವಣೆಯಲ್ಲಿರಬೇಕೆಂಬ ಕಾನೂನೂ ಅದೇ ವರ್ಷ ಬಂತು. ಕರಿಯರು ಪಾಸ್ ಪುಸ್ತಕವಿಲ್ಲದೆ ತಮ್ಮದೇ ನಾಡಿನ ಪಟ್ಟಣದಲ್ಲಿ ಓಡಾಡುವಂತಿರಲಿಲ್ಲ. ಆ ಪಾಸಿನ ವಿರುದ್ಧ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ 69 ಮಂದಿ ಸತ್ತರು.

ಭಾಷೆ ಬೋಧಿಸಿ ಬದುಕುವ ನನ್ನಂಥವನ ಮನಸ್ಸು ನಿಲ್ಲುವುದು ಮಾತ್ರ 1976ರ ಜೂನ್ 16ರಂದು ಸೊವೆಟೊದಲ್ಲಿ ನಡೆದ ಘಟನೆಯ ಹತ್ತಿರ. ಗಣಿತ, ಸಮಾಜ ಪಾಠ ಮುಂತಾದವನ್ನು ಕರಿಯರ ಮಕ್ಕಳಿಗೆ ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಸಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತ್ತು. ಅದು ಆಳುವವರ ಭಾಷೆ. ಮಕ್ಕಳಿಗೂ ಬಾರದು, ಕಲಿಸುವ ಅನೇಕ ಉಪಾಧ್ಯಾಯರಿಗೂ ಸರಿಯಾಗಿ ಬಾರದು. ಸಾವಿರಾರು ಮಕ್ಕಳು ಸಮವಸ್ತ್ರದಲ್ಲೇ ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್ ಎಂಬ ಹುಡುಗನಿಗೆ ಹನ್ನೆರಡು ವರ್ಷ. ಗಾಯಗೊಂಡ ಅವನನ್ನು ಎತ್ತಿಕೊಂಡು ಓಡುತ್ತಿರುವ ತರುಣನ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಮುಂದಿನ ತಿಂಗಳುಗಳ ಗಲಭೆಯಲ್ಲಿ ನೂರಾರು ಮಂದಿ ಸತ್ತರು. ಮರುವರ್ಷ ವಿದ್ಯಾರ್ಥಿ ನಾಯಕನಾಗಿ ಬೆಳೆದಿದ್ದ ಸ್ಟೀವ್ ಬೀಕೊ ಪೊಲೀಸರ ವಶದಲ್ಲೇ ಪ್ರಾಣಬಿಟ್ಟ. ಅಮೆರಿಕದ ಕಾಲೇಜುಗಳಲ್ಲಿ ಈ ಚಳವಳಿಗೆ ಕಾವೇರಿದ್ದು ಆಮೇಲೆಯೇ. 1977ರಲ್ಲಿ ಮ್ಯಾಸಚೂಸೆಟ್ಸಿನ ಹ್ಯಾಂಪ್‌ಷೈರ್ ಎಂಬ ಪುಟ್ಟ ಕಾಲೇಜು ಅಂಥ ಷೇರುಗಳನ್ನು ಮಾರಿ ಆ ದೇಶದಲ್ಲಿ ಮೊದಲನೆಯದೆನಿಸಿತು. ವಿದ್ಯಾರ್ಥಿಗಾಗಿ ವಿದ್ಯಾರ್ಥಿಯೇ ಮಿಡಿದದ್ದು ಸಹಜವಲ್ಲವೆ?

ಭಾರತೀಯರಾದ ನಮಗಂತೂ ಇದು ಹೊಸ ಮಾತಲ್ಲ. ಇನ್ನೂ ಸ್ವತಂತ್ರವಾಗಿರದಿದ್ದ ಭಾರತವೇ 1946ರಲ್ಲಿ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ಕಡಿದುಕೊಂಡಿತು. ಅಲ್ಲಿಯ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. 1974ರಲ್ಲಿ ಡೇವಿಸ್ ಕಪ್ ಟೆನಿಸಿನ ಅಂತಿಮ ಸುತ್ತಿಗೇರಿದ್ದ ನಮ್ಮ ತಂಡ ದಕ್ಷಿಣ ಆಫ್ರಿಕದೊಡನೆ ಆಡುವುದಿಲ್ಲವೆಂದು ಕಪ್ಪನ್ನೇ ಬಿಟ್ಟುಕೊಟ್ಟಿತು.

ಇನ್ನು ಕೊಲಂಬಿಯದ ಧರ್ಮದರ್ಶಿಗಳ ಕಡೆಯ ವಾದವನ್ನೂ ಕೇಳುವುದು ನ್ಯಾಯ. ದತ್ತಿಯ ಹಣ ವಿದ್ಯೆಗಾಗಿ ಇರುವುದು, ರಾಜಕೀಯಕ್ಕಲ್ಲ ಎಂಬುದು ಇಂಥ ಸಂಸ್ಥೆಗಳ ಮೊದಲ ಮಾತು. ಕಂಪೆನಿಗಳು ಅಲ್ಲೇ ಇದ್ದರೆ ಒಳಗಿನಿಂದ ಸುಧಾರಣೆ ಮಾಡಬಹುದು ಎಂಬುದು ಎರಡನೆಯದು. ಇದಕ್ಕೆ ಆಧಾರವಾಗಿ ಫಿಲಡೆಲ್ಫಿಯದ ಪಾದ್ರಿ ಲಿಯಾನ್ ಸಲಿವನ್ 1977ರಲ್ಲಿ ರೂಪಿಸಿದ ನಿಯಮಗಳಿದ್ದವು: ಕೆಲಸದ ಜಾಗದಲ್ಲಿ ಬಣ್ಣದ ಭೇದ ಕೂಡದು, ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬಂಥವು. ಬಹಿಷ್ಕಾರದಿಂದ ಹೊಟ್ಟೆಗೆ ಪೆಟ್ಟು ಬೀಳುವುದು ಕರಿಯ ಕೂಲಿಗಾರನಿಗೇ ಎಂಬುದು ಮೂರನೆಯ ಮಾತು. ಇವು ಹುಸಿವಾದಗಳೆಂದು ತಳ್ಳಿಹಾಕುವಂತಿಲ್ಲ. ಆದರೆ ನೊಂದವರ ನಾಯಕರಾದ ಆಲ್ಬರ್ಟ್ ಲುಟುಲಿ ಅವರೇ 1959ರಷ್ಟು ಹಿಂದೆ, ಬರುವ ಕಷ್ಟವನ್ನು ತಿಳಿದೇ, ಲೋಕದವರು ತಮ್ಮ ನಾಡಿನ ಸರಕನ್ನು ಬಹಿಷ್ಕರಿಸಲೆಂದು ಕೋರಿದ್ದರು. ಕಡೆಗೆ ಸಲಿವನ್ನರೇ 1987ರಲ್ಲಿ ತಮ್ಮ ನಿಯಮಗಳಿಂದ ವರ್ಣಭೇದ ಅಳಿಯಲಿಲ್ಲವೆಂದು ಕಂಡು, ಕಂಪೆನಿಗಳು ಹೊರಟುಬರಲೆಂದರು.

ಹುಡುಗರ ಧರಣಿಯಿಂದ ಆದದ್ದೇನು? ಅದೇ ವರ್ಷದ ಅಕ್ಟೋಬರಿನಲ್ಲಿ ಕೊಲಂಬಿಯದ ಧರ್ಮದರ್ಶಿಗಳು ಸುಮಾರು 3 ಕೋಟಿ 90 ಲಕ್ಷ ಡಾಲರಿನ ಷೇರುಗಳನ್ನು ಮಾರಲು ಒಪ್ಪಿದರು. ಮರುವರ್ಷ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 310 ಕೋಟಿ ಡಾಲರುಗಳಷ್ಟು ಹೂಡಿಕೆಯನ್ನು ಹಿಂತೆಗೆಯಲು ತೀರ್ಮಾನಿಸಿತು. 1988ರ ಹೊತ್ತಿಗೆ ನೂರೈವತ್ತಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಪೂರ್ತಿಯಾಗಿಯೋ ಭಾಗಶಃವೋ ಈ ದಾರಿ ಹಿಡಿದಿದ್ದವು.

ಹಾಗೆಂದು ಹುಡುಗರೇ ವರ್ಣಭೇದವನ್ನು ಕೊಂದರು ಎಂದು ಬರೆದರೆ ಅದು ಚರಿತ್ರೆಯಲ್ಲ, ಹೊಗಳಿಕೆಯಾದೀತು. ಒಬ್ಬರು ಮಾರಿದ ಷೇರನ್ನು ಮತ್ತೊಬ್ಬರು ಕೊಳ್ಳುತ್ತಾರೆ. ಇಂಥ ಮಾರಾಟದಿಂದ ಷೇರಿನ ಬೆಲೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲವೆಂದು 1999ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಸರ್ಕಾರವನ್ನು ನಿಜವಾಗಿ ಬಾಗಿಸಿದವರು ಸೊವೆಟೊದಂಥ ಊರುಗಳಲ್ಲಿ ಮನೆ ಮಕ್ಕಳನ್ನು ಕಳೆದುಕೊಂಡ ಜನ. ದೂರದ ಹುಡುಗರು ಕಸಿದದ್ದು ಹಣವನ್ನಲ್ಲ, ಮರ್ಯಾದೆಯನ್ನು. ಆ ನಾಡಿನೊಡನೆ ವ್ಯವಹಾರ ಮಾಡುವುದು ಮಾನವಂತರಿಗೆ ತಕ್ಕುದಲ್ಲ ಎಂಬ ಭಾವನೆ ಕಾಲೇಜಿನ ಅಂಗಳದಿಂದ ಪಟ್ಟಣಸಭೆಗೆ, ಅಲ್ಲಿಂದ ಶಾಸನಸಭೆಗೆ ಹಬ್ಬಿತು. 1985ರ ಬೇಸಗೆಯಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಅಲ್ಲಿಯ ಸಾಲಗಳ ವಾಯಿದೆ ಮುಂದುವರಿಸಲು ಒಪ್ಪಲಿಲ್ಲ. ಇತರ ಬ್ಯಾಂಕುಗಳೂ ಹಿಂದೆಗೆದವು. 1986ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೇಗನ್ನರ ನಿರಾಕರಣೆಯನ್ನೂ ಮೀರಿ ಅಮೆರಿಕದ ಕಾಂಗ್ರೆಸ್ ದಿಗ್ಬಂಧನದ ಕಾಯಿದೆ ತಂದಿತು. ಅದೇ ತಿಂಗಳು ಜನರಲ್ ಮೋಟಾರ್ಸ್, ಐಬಿಎಂ ಕಂಪೆನಿಗಳು ಅಲ್ಲಿಂದ ಕಾಲ್ತೆಗೆಯುವುದಾಗಿ ಸಾರಿದವು. 1990ರ ಫೆಬ್ರುವರಿ 11ರಂದು ಮಂಡೇಲ ಬಿಡುಗಡೆಯಾದರು. 1994ರಲ್ಲಿ ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು.

ಮೊದಲಿನ ಪ್ರಶ್ನೆಗೆ ಬರೋಣ. ಊರ ಉಸಾಬರಿ ಯಾವುದು, ಮನೆಯ ವಿಚಾರ ಯಾವುದು ಎಂದು ಗೆರೆ ಎಳೆಯುವವರು ಯಾರು? ಆ ಹುಡುಗರು ಭೂಪಟ ನೋಡಿ ಗೆರೆ ಎಳೆಯಲಿಲ್ಲ, ಖಾತೆಯ ಪುಸ್ತಕ ನೋಡಿ ಎಳೆದರು. ತಮ್ಮ ಹಣ ಎಲ್ಲಿಯವರೆಗೆ ಹೋಗುತ್ತದೆಯೋ ತಮ್ಮ ಹೊಣೆಯೂ ಅಲ್ಲಿಯವರೆಗೆ ಹೋಗುತ್ತದೆ ಎಂದರು. ಘೋಷಣೆಗಿಂತ ಇದು ಕಷ್ಟದ ಕೆಲಸ. ಪರರ ಕಡೆಗೆ ಬೆರಳು ತೋರುವ ಮುನ್ನ ತನ್ನ ಜೇಬನ್ನು ತಡವಿಕೊಳ್ಳಬೇಕಾಗುತ್ತದೆ. ತರಗತಿಯಲ್ಲಿ ನಾವು ವಿಶ್ವಮಾನವತೆಯ ಪದ್ಯಗಳನ್ನು ಪಾಠ ಮಾಡುತ್ತೇವೆ, ಸಂದರ್ಭ ಸಹಿತ ವಿವರಿಸಿ ಎಂದು ಪ್ರಶ್ನೆ ಕೊಡುತ್ತೇವೆ. ಅದನ್ನು ನಿಜವೆಂದು ನಂಬಿದ ವಿದ್ಯಾರ್ಥಿಯೊಬ್ಬ ನಾಳೆ ಕಚೇರಿಯ ಬಾಗಿಲಿಗೆ ಬಂದು, 'ಸಾರ್, ನಮ್ಮ ಕಾಲೇಜಿನ ಹಣ ಎಲ್ಲಿದೆ?' ಎಂದು ಕೇಳಿದರೆ, ಅವನನ್ನು ತುಂಟನೆಂದು ಕಳುಹಿಸಿಬಿಡುವ ಮುನ್ನ ಅವನು ಕಲಿತದ್ದು ನಮ್ಮಿಂದಲೇ ಅಲ್ಲವೇ ಎಂದು ಒಂದು ಕ್ಷಣ ಯೋಚಿಸುವುದು ಒಳ್ಳೆಯದು.