ಎರಡನೆಯ ಬಾಗಿಲು

1984ರಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನ ಎರಡು ತಂಡಗಳು ಪ್ರತ್ಯೇಕವಾಗಿ ಒಂದೇ ಉತ್ತರಕ್ಕೆ ಬಂದವು. ಏಡ್ಸ್ ತರುವ ವೈರಸ್ಸು ಬಿಳಿ ರಕ್ತಕಣಗಳ ಮೇಲಿರುವ ಸಿಡಿ4 ಎಂಬ ಪ್ರೋಟೀನನ್ನು ಹಿಡಿದು ಒಳನುಗ್ಗುತ್ತದೆ. ಬಾಗಿಲು ಸಿಕ್ಕಂತಾಯಿತು. ಆದರೆ 1986ರಲ್ಲಿ ಮನುಷ್ಯನ ಸಿಡಿ4 ಅನ್ನು ಇಲಿಯ ಜೀವಕೋಶಗಳ ಮೇಲೆ ಮೂಡಿಸಿ ನೋಡಿದಾಗ ವೈರಸ್ಸು ಅಂಟಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ. ಇನ್ನೊಂದು ಬಾಗಿಲು ಇರಲೇಬೇಕಿತ್ತು.

ಅದು ಸಿಗಲು ಮತ್ತೆ ಹತ್ತು ವರ್ಷ ಹಿಡಿಯಿತು. 1996ರ ಮೇ ತಿಂಗಳಲ್ಲಿ ಅಮೆರಿಕದ ಎಡ್ವರ್ಡ್ ಬರ್ಗರ್ ಅವರ ತಂಡ ಈಗ ಸಿಎಕ್ಸ್‌ಸಿಆರ್4 ಎನ್ನುವ ಪ್ರೋಟೀನನ್ನು ಗುರುತಿಸಿತು. ಮರುತಿಂಗಳೇ ಹಲವು ತಂಡಗಳು ಸಿಸಿಆರ್5 ಅನ್ನು ಪತ್ತೆ ಮಾಡಿದವು. ಹೆಚ್ಚಿನ ಸೋಂಕುಗಳು ಶುರುವಾಗುವುದು ಈ ಸಿಸಿಆರ್5 ಮೂಲಕವೇ.

ಯಾವ ಬಾಗಿಲು ಎಂಬುದನ್ನು ತೀರ್ಮಾನಿಸುವುದು ವೈರಸ್ಸಿನ ಎನ್ವೆಲಪ್ ಜೀನ್, ಅಂದರೆ ಅದರ ಹೊರಕವಚದ ಪ್ರೋಟೀನಿನ ಜೀನ್. ಆ ಪ್ರೋಟೀನಿನಲ್ಲಿ ವಿ3 ಎಂಬ ಕುಣಿಕೆಯಿದೆ. ಉದ್ದ ಸುಮಾರು 35 ಅಮೈನೋ ಆಮ್ಲ. ಅವುಗಳಲ್ಲಿ ಕೆಲವೇ ಬದಲಾದರೂ ವೈರಸ್ಸು ಸಿಸಿಆರ್5 ಬಿಟ್ಟು ಸಿಎಕ್ಸ್‌ಸಿಆರ್4 ಹಿಡಿಯಬಲ್ಲದು.

ಈ ಜಾಣತನ ಮನುಷ್ಯರ ವೈರಸ್ಸಿಗಷ್ಟೇ ಸೀಮಿತವಲ್ಲ. ಆಫ್ರಿಕದ ಕೆಂಪುತಲೆ ಮ್ಯಾಂಗಬಿ ಕೋತಿಗಳಲ್ಲಿ ಬಹುಪಾಲಿನವುಗಳ ಸಿಸಿಆರ್5 ಜೀನಿನಲ್ಲಿ 24 ಅಕ್ಷರಗಳೇ ಇಲ್ಲ. ಆ ಬಾಗಿಲು ಹುಟ್ಟಿನಿಂದಲೇ ಮುಚ್ಚಿದೆ. ಆದರೂ ಅವುಗಳಲ್ಲಿ ಎಚ್‌ಐವಿಯ ಬಂಧುವಾದ ಎಸ್‌ಐವಿ ಇದೆ. ಅದು ಪಕ್ಕದ ಸಿಸಿಆರ್2 ಮೂಲಕ ಒಳನುಗ್ಗುತ್ತದೆ ಎಂದು 1998ರಲ್ಲಿ ತಿಳಿಯಿತು.

ಮನುಷ್ಯರಲ್ಲೂ ಕೆಲವರ ಸಿಸಿಆರ್5 ಜೀನಿನಲ್ಲಿ 32 ಅಕ್ಷರಗಳಿಲ್ಲ. ತಂದೆತಾಯಿ ಇಬ್ಬರಿಂದಲೂ ಅದನ್ನೇ ಪಡೆದವರಿಗೆ ಸೋಂಕು ತಗಲುವುದು ಬಲು ಅಪರೂಪ. ಲ್ಯುಕೇಮಿಯಾ ಇದ್ದ ತಿಮೊತಿ ಬ್ರೌನ್ ಅವರಿಗೆ 2007ರಲ್ಲಿ ಬರ್ಲಿನ್ನಿನ ವೈದ್ಯರು ಅಂಥ ದಾನಿಯ ಕಾಂಡಕೋಶಗಳನ್ನು ಕಸಿ ಮಾಡಿದರು. ಎಚ್‌ಐವಿಯಿಂದ ಗುಣವಾದ ಮೊದಲಿಗರು ಅವರೇ.

ಬಾಗಿಲು ಮುಚ್ಚಿದರೆ ಸಾಕು ಎಂಬ ನಂಬಿಕೆ ಆಗ ಬಲವಾಯಿತು. ಆದರೆ 2014ರಲ್ಲಿ ಜರ್ಮನಿಯಿಂದ ಇನ್ನೊಂದು ವರದಿ ಬಂತು. ಅದೇ ಬಗೆಯ ಕಸಿ ಪಡೆದ ಮತ್ತೊಬ್ಬ ರೋಗಿಯಲ್ಲಿ ವೈರಸ್ಸು ಮರಳಿತ್ತು, ಈ ಬಾರಿ ಸಿಎಕ್ಸ್‌ಸಿಆರ್4 ಹಿಡಿದು. ಅಂಥ ವೈರಸ್ಸು ಕಸಿಗೆ ಮೊದಲೇ ಅಲ್ಪ ಪ್ರಮಾಣದಲ್ಲಿ ಅವರ ದೇಹದಲ್ಲಿತ್ತು.

ಸಿಸಿಆರ್5 ಅನ್ನು ತಡೆಯುವ ಮರಾವಿರಾಕ್ ಎಂಬ ಔಷಧಿ 2007ರಿಂದಲೇ ಬಳಕೆಯಲ್ಲಿದೆ. ಅದನ್ನು ಕೊಡುವ ಮೊದಲು ವೈದ್ಯರು ರೋಗಿಯ ವೈರಸ್ಸು ಯಾವ ಬಾಗಿಲನ್ನು ಬಳಸುತ್ತಿದೆ ಎಂದು ಪರೀಕ್ಷಿಸಬೇಕು. ಬೀಗ ಹಾಕುವ ಮುನ್ನ ಕಳ್ಳನ ಕೈಯಲ್ಲಿರುವ ಕೀಲಿಯನ್ನು ನೋಡಬೇಕು ಎಂಬುದು ಈ ಚರಿತ್ರೆ ಕಲಿಸಿದ ಪಾಠ.